ಗಾಡಿಗೊಂದು ಬಾಟಲಿ ಹೋಲ್ಡರ್

ಚಿಕ್ಕೋಡಿಯಿಂದ ರಾಯಬಾಗಕ್ಕೆ ಹೋಗುವ ರಸ್ತೆಯಲ್ಲಿ ನನ್ನ ನೀರಿನ ಬಾಟಲಿ ಒಂದು ಟ್ರ್ಯಾಕ್ಟರನ್ನು ನಿಲ್ಲಿಸಿತು.

ಸುಳ್ಳಲ್ಲ. ಎರಡು ಟ್ರಾಲಿ ತುಂಬ ಕಬ್ಬು ಹೇರಿಕೊಂಡು, ಸ್ಪೀಕರಿನಲ್ಲಿ ಮರಾಠಿ ಹಾಡು ಹಚ್ಚಿಕೊಂಡು ಎದುರಿನಿಂದ ಬರುತ್ತಿತ್ತು. ನನ್ನ ಗಾಡಿ ಒಂದು ತಗ್ಗಿಗೆ ಇಳಿದು ಎದ್ದಿತು. ಹ್ಯಾಂಡಲ್ಲಿಗೆ ಹಿಂದಿನ ದಿನವಷ್ಟೇ ಹಾಕಿಸಿದ್ದ ಹೊಸ ಹೋಲ್ಡರಿನಿಂದ ಬಾಟಲಿ ಮೇಲಕ್ಕೆ ಜಿಗಿಯಿತು, ಉರುಳಿತು, ಹಿಂದಿನ ಟ್ರಾಲಿಯ ಗಾಲಿಯ ಕೆಳಗೆ ಹೋಗಿ ‘ಢಬ್’ ಎಂದಿತು.

ಡ್ರೈವರ್ ಬ್ರೇಕ್ ಹಾಕಿದ. ಇಳಿದು ಬಂದು ಟ್ರಾಲಿಯ ಎಲ್ಲ ಗಾಲಿಗಳನ್ನೂ ಒಂದೊಂದಾಗಿ ಒದ್ದು ನೋಡಿದ. ಅವನ ಹಿಂದೆ ಒಂದು ಬಸ್ಸು, ಬಸ್ಸಿನ ಹಿಂದೆ ಎರಡು ಟೆಂಪೊ, ಅವುಗಳ ಹಿಂದೆ ಮತ್ತೊಂದು ಕಬ್ಬಿನ ಟ್ರ್ಯಾಕ್ಟರು. ಕೊನೆಗೆ ಅವನಿಗೆ ಸಿಕ್ಕಿದ್ದು ಚಪ್ಪಟೆಯಾದ ಬಾಟಲಿ.

“ಯಾರ್ದ್ರಿ ಇದು?”

“ನನ್ನದು.”

“ಏ ತಂಗಿ, ಟಾಯರ್ ಹೋತಂತ ನನ್ನ ಎದಿನ ಒಡದಿತ್ತು! ನೀರ ಕುಡೀಬೇಕಂದ್ರ ಗಾಡಿ ನಿಂದ್ರಿಸಿ ಕುಡಿ. ಇದೇನ ವಿಮಾನ ಐತೇನ, ಕುಂತಲ್ಲೇ ನೀರ ಕೊಡಾಕ?”

ಬಸ್ಸಿನ ಕಿಟಕಿಯಿಂದ ಕಂಡಕ್ಟರ್ ತಲೆ ಹೊರಹಾಕಿ, “ಹೋಲ್ಡರ್ ಉಲ್ಟಾ ಕುಂಡ್ರಿಸ್ಯಾರ್ರಿ ಅವರು!” ಎಂದರು. ಟೆಂಪೊದವರು ಇಳಿದು ಬಂದು ನೋಡಿ, ಉಲ್ಟಾ ಅಲ್ಲ, ಬೋಲ್ಟ್ ಸಣ್ಣದಾಗಿದೆ ಎಂದರು. ಇನ್ನೊಬ್ಬರು, ಹ್ಯಾಂಡಲ್ಲಿಗೆ ಹಾಕುವುದೇ ತಪ್ಪು ಎಂದರು. ಐದು ನಿಮಿಷದಲ್ಲಿ ನಾಲ್ಕು ಸಲಹೆ ಬಂದವು. ನಾನು ನಾಲ್ಕಕ್ಕೂ ತಲೆಯಾಡಿಸಿ, ಚಪ್ಪಟೆ ಬಾಟಲಿಯನ್ನು ಚೀಲಕ್ಕೆ ತುರುಕಿಕೊಂಡು ಹೊರಟೆ.

ಈ ಅಂಕಣವನ್ನು ಓದುತ್ತ ಬಂದವರಿಗೆ ಗೊತ್ತು, ನನ್ನ ಬಗ್ಗೆ ನಾನು ಹೆಚ್ಚು ಬರೆಯುವವಳಲ್ಲ. ರಸ್ತೆ, ಬಸ್ ನಿಲ್ದಾಣ, ಗ್ರಂಥಾಲಯದ ಮುರಿದ ಕುರ್ಚಿ. ಹೀಗೆ ಊರಿನ ಮೇಲೆ ಹಾಕಿ ಮಾತು ಮುಗಿಸುತ್ತೇನೆ. ಈ ಸಲ ಊರಿನ ಮೇಲೆ ಹಾಕಿದರೂ ಅದು ತಿರುಗಿ ನನ್ನ ಮೇಲೇ ಬರುತ್ತಿದೆ. ಹಾಗಾಗಿ ಹೇಳಿಬಿಡುತ್ತೇನೆ.

ನಾನು ರಸಾಯನಶಾಸ್ತ್ರ ಓದಿದವಳು. ಹಳ್ಳಿಗಳ ಹಾಲಿನ ಡೇರಿಗಳಲ್ಲಿ ಕೊಬ್ಬಿನ ಅಂಶ ಅಳೆಯುವ ಮಷೀನುಗಳು ಇರುತ್ತವಲ್ಲ, ಅವು ಸರಿಯಾಗಿ ಅಳೆಯುತ್ತಿವೆಯೇ ಎಂದು ನೋಡುವುದು ನನ್ನ ಕೆಲಸ. ಸೋಮವಾರ ನಿಪ್ಪಾಣಿ ಕಡೆ. ಮಂಗಳವಾರ ರಾಯಬಾಗ, ಚಿಂಚಲಿ. ಬುಧವಾರ, ಶುಕ್ರವಾರ ಅಥಣಿ, ಐಗಳಿ. ಗುರುವಾರ ಕಾಗವಾಡ, ಶಿರಗುಪ್ಪಿ. ಶನಿವಾರ ಚಿಕ್ಕೋಡಿಯ ಆಫೀಸಿನಲ್ಲಿ ಕುಳಿತು ವರದಿ. ಅಪ್ಪ ಓಡಿಸುತ್ತಿದ್ದ ಹಳೆಯ ಗಾಡಿಯೇ ಈಗ ನನ್ನದು. ಬೆಳಿಗ್ಗೆ ಏಳಕ್ಕೆ ಬಿಟ್ಟರೆ ಮನೆ ಮುಟ್ಟುವುದು ಸಂಜೆ.

ನವೆಂಬರಿನಲ್ಲಿ ಒಂದು ದಿನ ಸೊಂಟದ ಬಲಗಡೆ ನೋವು ಬಂತು. ಗಾಡಿಯನ್ನು ಬದಿಗೆ ಹಚ್ಚಿ, ಒಂದು ಮೈಲಿಗಲ್ಲಿನ ಮೇಲೆ ಕುಳಿತು, ಹಲ್ಲು ಕಚ್ಚಿಕೊಂಡು ಕಾಯುವಂಥ ನೋವು. ಚಿಕ್ಕೋಡಿಯ ಡಾಕ್ಟರು ಸ್ಕ್ಯಾನ್ ಮಾಡಿ ನೋಡಿ ಹೇಳಿದರು: ಮೂತ್ರಪಿಂಡದಲ್ಲಿ ಆರು ಮಿಲಿಮೀಟರಿನ ಕಲ್ಲು.

“ದಿನಕ್ಕ ಎಷ್ಟ ನೀರ ಕುಡೀತೀರಿ?”

“ಸಾಕಷ್ಟು ಕುಡಿತೀನ್ರಿ.”

“ಸಾಕಷ್ಟು ಅಂದ್ರ ಎಷ್ಟ್ರಿ?”

ಹಾಲಿನಲ್ಲಿ ಕೊಬ್ಬು ಎಷ್ಟಿದೆ ಎಂದು ದಶಮಾಂಶದಲ್ಲಿ ಹೇಳುವವಳಿಗೆ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಇತ್ತು, ಹೇಳಲಿಲ್ಲ. ಹೆಚ್ಚೆಂದರೆ ಎರಡು ಲೋಟ.

“ಮೂರು ಲೀಟರ್,” ಎಂದರು ಡಾಕ್ಟರು. “ಮೂರು ತಿಂಗಳ ಬಿಡದ ಕುಡೀರಿ. ಆಮ್ಯಾಲ ಮತ್ತ ನೋಡೂನು. ಕಲ್ಲು ಹೋಗಿದ್ರ ಚಲೋ. ಇಲ್ಲಂದ್ರ ಲೇಸರ್ ಮಾಡಬೇಕಾಕ್ಕೈತಿ.”

ಲೇಸರ್ ಎಂದರೆ ಜೊತೆಗೆ ಬಂದಿದ್ದ ಅವ್ವನ ಲೆಕ್ಕದಲ್ಲಿ ಆಪರೇಷನ್. ಆಪರೇಷನ್ ಎಂದರೆ ಊರೆಲ್ಲ ಸುದ್ದಿ. ಆಸ್ಪತ್ರೆಯ ಮೆಟ್ಟಿಲು ಇಳಿಯುವುದರೊಳಗೆ ಅವಳು ತೀರ್ಮಾನ ಹೇಳಿಬಿಟ್ಟಳು:

“ಮೂರು ತಿಂಗಳ ನೋಡ್ತೀನಿ. ಕಲ್ಲು ಹೋಗಲಿಲ್ಲಂದ್ರ ಗಾಡಿ ಬಂದ್. ಕುಂತ ಮಾಡೂ ಕೆಲಸ ಯಾವ್ದರೆ ಹುಡಿಕ್ಕೊ.”

ಕುಳಿತು ಮಾಡುವ ಕೆಲಸ ನನಗೆ ಸಿಗದೇ ಇರದು. ಆದರೆ ಆ ಗಾಡಿ ಇದೆಯಲ್ಲ, ಒಂದು ಡೇರಿಯಿಂದ ಮತ್ತೊಂದು ಡೇರಿಗೆ ಹೋಗುವ ಆ ಹೊತ್ತು, ದಿನದಲ್ಲಿ ಯಾರೂ ನನ್ನನ್ನು ಏನೂ ಕೇಳದ ಹೊತ್ತು ಅದೊಂದೇ. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಕಲ್ಲು ಹೋಗಬೇಕು. ಅದಕ್ಕೆ ನೀರು ಹೋಗಬೇಕು.

ನಮ್ಮ ಮನೆಯಲ್ಲಿ ನೀರು ಸಣ್ಣ ವಿಷಯವಲ್ಲ. ನಾವು ಜೈನರು. ಅವ್ವ ಬೆಳಿಗ್ಗೆ ಐದಕ್ಕೆ ಎದ್ದು, ಎರಡು ಮಡಿಕೆಯ ಬಿಳಿ ಬಟ್ಟೆಯಲ್ಲಿ ನೀರು ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಅದನ್ನು ಮೆಲ್ಲಗೆ ತೊಟ್ಟಿಯ ನೀರಿನಲ್ಲೇ ಅದ್ದಿ ತೆಗೆದು, ಆಮೇಲೆ ಸೋಸಿದ ನೀರನ್ನು ಕಾಸಿ ಆರಿಸುತ್ತಾಳೆ. ಈಗ ಅದಕ್ಕೆ ಒಂದು ಲೀಟರಿನ ಮೂರು ಬಾಟಲಿ ಸೇರಿದವು. ಎರಡು ಚೀಲದಲ್ಲಿ, ಒಂದು ಕೈಗೆ ಸಿಗುವ ಹಾಗೆ ಗಾಡಿಯ ಮೇಲೆ. ಆ ಒಂದನ್ನು ಎಲ್ಲಿ ಇಡುವುದು? ಹೋಲ್ಡರಿನ ಕಥೆ ಶುರುವಾದದ್ದು ಹೀಗೆ.

ಮೊದಲು ಮೊಬೈಲಿನಲ್ಲಿ ಹುಡುಕಿದೆ. ಅಬ್ಬಾ, ಎಷ್ಟು ನಮೂನೆ! ಹ್ಯಾಂಡಲ್ಲಿಗೆ ಬಿಗಿಯುವ ಕ್ಲ್ಯಾಂಪು. ಟ್ಯಾಂಕಿನ ಮೇಲೆ ಮ್ಯಾಗ್ನೆಟ್ಟಿನಲ್ಲಿ ಕೂರುವ ಬ್ಯಾಗು. ಬೆನ್ನಿಗೆ ನೀರಿನ ಚೀಲ ಹೊತ್ತು, ಪೈಪಿನಲ್ಲಿ ಹೀರುವ ವ್ಯವಸ್ಥೆ. (ಅದನ್ನು ಹಾಕಿಕೊಂಡು ಡೇರಿಗೆ ಹೋದರೆ ಔಷಧ ಹೊಡೆಯುವವಳು ಬಂದಳು ಎನ್ನುತ್ತಾರೆ.) ಪ್ರತಿಯೊಂದರ ಕೆಳಗೂ ನೂರಾರು ಅಭಿಪ್ರಾಯ. ಒಬ್ಬ ಲಡಾಖಿಗೆ ಹೋಗಿ ಬಂದಿದ್ದ, ಹೋಲ್ಡರ್ ಅಲುಗಲಿಲ್ಲವಂತೆ. ಇನ್ನೊಬ್ಬ ಗೋವಾಕ್ಕೆ. ಕಬ್ಬಿನ ಹಂಗಾಮಿನಲ್ಲಿ ಕಾಗವಾಡಕ್ಕೆ ಹೋಗಿ ಬಂದವರು ಮಾತ್ರ ಯಾರೂ ಬರೆದಿರಲಿಲ್ಲ.

ಆಫೀಸಿನಲ್ಲಿ ಕೇಳಿದ್ದು ಇನ್ನೊಂದು ತಪ್ಪು. ನನ್ನ ಸಂಬಳದ ಬಗ್ಗೆ, ನನ್ನ ರಜೆಯ ಬಗ್ಗೆ ಎಂದೂ ಆಸಕ್ತಿ ತೋರಿಸದವರೆಲ್ಲ ಕುರ್ಚಿ ಎಳೆದುಕೊಂಡು ಕೂತರು. ಸ್ಟೀಲ್ ಒಳ್ಳೆಯದೋ ಪ್ಲಾಸ್ಟಿಕ್ ಒಳ್ಳೆಯದೋ, ಬಲಗಡೆಯೋ ಎಡಗಡೆಯೋ, ಅರ್ಧ ತಾಸು ಚರ್ಚೆ. ಗಂಡಸರಿಗೆ ಗಾಡಿಗೆ ಏನಾದರೂ ಜೋಡಿಸುವ ವಿಷಯ ಸಿಕ್ಕರೆ ಮುಖದಲ್ಲಿ ಎಂಥ ಕಳೆ! ಅಷ್ಟು ಜನ ಅಷ್ಟು ಪ್ರೀತಿಯಿಂದ ಹೇಳಿದ ಮೇಲೆ ಕ್ಲ್ಯಾಂಪು ತರಿಸಿದೆ. ಅದು ಟ್ರ್ಯಾಕ್ಟರ್ ನಿಲ್ಲಿಸಿತು. ನಿಪ್ಪಾಣಿಯ ಮೆಕ್ಯಾನಿಕ್ ಒಬ್ಬರು ಸೈಕಲ್ಲಿಗೆ ಹಾಕುವ ತಂತಿಯ ಹೋಲ್ಡರನ್ನು ಎಂಜಿನ್ ಗಾರ್ಡಿಗೆ ಬಿಗಿದುಕೊಟ್ಟರು. ಬಾಟಲಿ ಬೀಳಲಿಲ್ಲ. ಆದರೆ ಎಂಜಿನ್ನಿನ ಬಿಸಿಗೆ ನೀರು ಚಹಾ ಮಾಡುವಷ್ಟು ಕಾಯುತ್ತಿತ್ತು. ಅವ್ವ ಒಮ್ಮೆ ಕಾಸುತ್ತಿದ್ದಳು, ಗಾಡಿ ಮತ್ತೊಮ್ಮೆ.

ಕೊನೆಗೆ ಹಳೆಯ ಓಢಣಿಯನ್ನು ಹರಿದು ಬಾಟಲಿಯ ಕುತ್ತಿಗೆಗೆ ಕಟ್ಟಿ ಹ್ಯಾಂಡಲ್ಲಿಗೆ ನೇತು ಹಾಕಿಕೊಂಡೆ.

ಇಷ್ಟೆಲ್ಲ ಮಾಡಿದವಳು ನೀರು ಕುಡಿದಳೇ?

ಇಲ್ಲ.

ಎರಡು ತಿಂಗಳು ನಾನು ಮಾಡಿದ್ದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಸಂಜೆ ಮನೆ ಇನ್ನೂ ಎರಡು ತಿರುವು ಇದೆ ಎನ್ನುವಾಗ ಗಾಡಿ ನಿಲ್ಲಿಸಿ, ಮೂರೂ ಬಾಟಲಿಯ ನೀರನ್ನು ರಸ್ತೆ ಬದಿಯ ಬೇವಿನ ಗಿಡಕ್ಕೆ ಸುರಿಯುತ್ತಿದ್ದೆ. ಖಾಲಿ ಬಾಟಲಿ ನೋಡಿ ಅವ್ವನಿಗೆ ಸಮಾಧಾನ. ಬೇವು ಚೆನ್ನಾಗಿ ಚಿಗುರಿತು.

ಯಾಕೆ ಎಂದು ಗಂಡಸು ಓದುಗರು ಕೇಳಬಹುದು. ಹೆಂಗಸರು ಕೇಳುವುದಿಲ್ಲ. ಕುಡಿದ ನೀರು ಹೊರಗೆ ಹೋಗಬೇಕಲ್ಲ, ಎಲ್ಲಿಗೆ ಹೋಗುವುದು? ನಾನು ಹೋಗುವ ಡೇರಿಗಳಲ್ಲಿ ಮಷೀನಿಗೆ ಜಾಗವಿದೆ, ಕ್ಯಾನುಗಳಿಗೆ ಜಾಗವಿದೆ. ಹೆಂಗಸಿಗೆ ಮರೆ ಇಲ್ಲ. ದಾರಿಯಲ್ಲಿ ಗಂಡಸರು ಗಾಡಿ ನಿಲ್ಲಿಸಿ, ರಸ್ತೆಗೆ ಬೆನ್ನು ತಿರುಗಿಸಿದರೆ ಅವರ ಮಟ್ಟಿಗೆ ಗೋಡೆ ಎದ್ದಂತೆ. ನನಗೆ? ಕಬ್ಬಿನ ಹೊಲವೇ? ಹಾವಿಗಿಂತ ಹೆಚ್ಚು, ನಾನು ಒಳಗೆ ಹೋದದ್ದನ್ನು ನೋಡಿದವರ ಭಯ. ಕಬ್ಬು ಕಡಿದ ಮೇಲಂತೂ ಅದೂ ಬಯಲು.

ಹಾಗಾಗಿ ನೀರನ್ನೇ ಬಿಟ್ಟಿದ್ದೆ. ಇದು ನನ್ನೊಬ್ಬಳ ಜಾಣತನ ಅಲ್ಲ. ಬೆಳಿಗ್ಗೆಯಿಂದ ನೀರು ಮುಟ್ಟದೆ ಬಸ್ಸಿನಲ್ಲಿ ಹೋಗುವ ಶಿಕ್ಷಕಿಯರನ್ನು, ನರ್ಸುಗಳನ್ನು ಕೇಳಿ ನೋಡಿ. ಕೇಳಿದರೂ ಹೇಳುವುದಿಲ್ಲ. ಡಾಕ್ಟರಿಗೆ ನಾನೂ ಹೇಳಿರಲಿಲ್ಲ. ಅವ್ವನಿಗೂ ಇಲ್ಲ. ಹೋಲ್ಡರ್ ಬಗ್ಗೆ ಅರ್ಧ ತಾಸು ಮಾತಾಡಬಹುದು, ಅದು ಸುಲಭ.

ಜನವರಿಯ ಒಂದು ಬುಧವಾರ ಅಥಣಿ ದಾಟಿ ಐಗಳಿಯ ಕಡೆ ಹೋಗುವಾಗ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ರಸ್ತೆ ಬದಿಯ ಮನೆಯ ಮುಂದೆ ಚಪ್ಪಲಿ ಹೊಲಿಯುವ ಯಲ್ಲಪ್ಪನವರು ಕೂತಿದ್ದರು. ನಲವತ್ತರ ಆಸುಪಾಸು. ಪಕ್ಕದಲ್ಲಿ ಅವರ ಹೆಂಡತಿ ಶೋಭಾ, ತೆಳುವಾಗಿ ಸೀಳಿದ ತೊಗಲಿನ ಎಳೆಗಳನ್ನು ಜಡೆಯ ಹಾಗೆ ಹೆಣೆಯುತ್ತಿದ್ದರು. ಯಲ್ಲಪ್ಪ ಚಪ್ಪಲಿ ನೋಡುವ ಮೊದಲು ಗಾಡಿ ನೋಡಿದರು.

“ಮೇಡಂ, ಆ ಬಾಟಲಿ ಏನ ತಪ್ಪ ಮಾಡೇತ್ರಿ? ಗಲ್ಲಿಗಿ ಹಾಕೀರಲ್ಲ!”

ಶೋಭಾ ನಕ್ಕರು. ನಾನೂ ನಕ್ಕೆ. ಹೋಲ್ಡರಿನ ಪುರಾಣ ಚಿಕ್ಕದಾಗಿ ಹೇಳಿದೆ. ಯಲ್ಲಪ್ಪ ಎದ್ದು ಬಂದು, ಒಂದು ದಾರ ತೆಗೆದು, ಬಾಟಲಿಯ ಸುತ್ತಳತೆ, ಎತ್ತರ, ಟ್ಯಾಂಕಿಗೂ ನನ್ನ ಮೊಣಕಾಲಿಗೂ ನಡುವಿನ ಜಾಗ, ಎಲ್ಲ ಅಳೆದರು. ಲಡಾಖಿನವರು ಯಾರೂ ಹೇಳದ ಒಂದು ಮಾತು ಹೇಳಿದರು: “ಬಾಟಲಿ ಹಿಡೀಬಾರ್ದ್ರಿ, ಜೋಲಿಯಾಗ ಮಲಗಿಸ್ಬೇಕು. ಹಿಡದ್ರ ಜಿಗೀತೈತಿ.”

ಶುಕ್ರವಾರ ಹೋದಾಗ ತಯಾರಿತ್ತು. ಕಂದು ತೊಗಲು, ಅಂಚಿಗೆಲ್ಲ ಶೋಭಾ ಹೆಣೆದ ಜಡೆ, ಮೇಲೊಂದು ಪಟ್ಟಿ. ಟ್ಯಾಂಕಿನ ಬದಿಗೆ ಕಟ್ಟಿಕೊಟ್ಟರು. ಐಗಳಿಗೆ ಹೋಗಿ, ಅಲ್ಲಿಂದ ಚಿಕ್ಕೋಡಿಗೆ ಬಂದರೂ ಬಾಟಲಿ ಕೂತ ಜಾಗದಿಂದ ಕದಲಲಿಲ್ಲ. ಇಷ್ಟು ಚಂದದ ವಸ್ತು ನನ್ನ ಗಾಡಿಯ ಮೇಲೆ ಹಿಂದೆಂದೂ ಇರಲಿಲ್ಲ.

ಅವ್ವ ಅಂಗಳದಲ್ಲೇ ನಿಂತಿದ್ದಳು.

“ಇದೇನು?”

“ಹೋಲ್ಡರ್.”

ಮುಟ್ಟಲಿಲ್ಲ. ಬಾಗಿ ನೋಡಿದಳು. “ತೊಗಲಿಂದಾ? ಸತ್ತ ದನದ ತೊಗಲಾಗ ಕುಡಿಯೂ ನೀರ ಇಟಗೊಂಡ ಬಂದೀಯಾ?”

“ಚಪ್ಪಲಿನೂ ತೊಗಲಿಂದ ಐತಿ ಅವ್ವಾ.”

“ಕಾಲಾಗಿಂದು ಬ್ಯಾರೆ, ಬಾಯಾಗಿಂದು ಬ್ಯಾರೆ. ಅದನ್ನ ತಗದು ಒಳಗ ಬಾ.”

ತಪ್ಪು ನನ್ನದೇ. ಇಪ್ಪತ್ತೇಳು ವರ್ಷ ಆ ಮನೆಯ ನೀರು ಕುಡಿದವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಬಟ್ಟೆಯಲ್ಲಿ ಉಳಿದ ಕಾಣದ ಜೀವಕ್ಕೂ ಮರುಗುವ ಅವ್ವ ತೊಗಲಿನ ಜೋಳಿಗೆಯನ್ನು ಒಪ್ಪುತ್ತಾಳೆಯೇ? ವಾದ ಮಾಡುವ ಶಕ್ತಿಯೂ ಇರಲಿಲ್ಲ. ಸಂಜೆಯ ಹೊತ್ತಿಗೆ ನನಗೆ ವಾದಗಳು ಮುಗಿದಿರುತ್ತವೆ.

ಮುಂದಿನ ಬುಧವಾರ ಅದನ್ನು ತೆಗೆದುಕೊಂಡು ಮತ್ತೆ ಯಲ್ಲಪ್ಪನವರ ಮುಂದೆ ನಿಂತೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಬಂದಿದ್ದೆ. ಅವರೇ ಅರ್ಧಕ್ಕೆ ತಡೆದರು.

“ಮನ್ಯಾಗ ತೊಗಲು ನಡಿಯಂಗಿಲ್ಲ, ಹೌದಿಲ್ರಿ? ನಾ ಅವತ್ತ ಕೇಳಬೇಕಾಗಿತ್ತು. ತಾಡಪತ್ರಿ ಬಟ್ಟಿಲೆ ಹೊಲದ ಕೊಡ್ತೀನಿ, ಕುಂದ್ರಿ.” ಸೂಜಿಗೆ ದಾರ ಪೋಣಿಸುತ್ತ ಮೆಲ್ಲಗೆ ಸೇರಿಸಿದರು: “ಹೊಲಿಯೂ ಕೈ ಅಂತೂ ತೊಗಲಿಂದ ಐತಿ. ಅದಕ್ಕೇನ ಮಾಡೂದ್ರಿ?”

“ನೀವು ಸುಮ್ನ ಹೊಲೀರಿ,” ಎಂದರು ಶೋಭಾ.

ಹೊಲಿಗೆಗೆ ಒಂದು ತಾಸು ಹಿಡಿಯಿತು. ಬಿಸಿಲು ನೆತ್ತಿಗೆ ಬಂದಿತ್ತು. ಬೆಳಿಗ್ಗೆ ಅವ್ವನ ಎದುರು ಕುಡಿದ ಎರಡು ಲೋಟ ನೀರು ತನ್ನ ಕೆಲಸ ಮಾಡುತ್ತಿತ್ತು. ನಾನು ಮಣೆಯ ಮೇಲೆ ಕಾಲು ಬದಲಿಸುತ್ತ, ಗಡಿಯಾರ ನೋಡುತ್ತ, ಎದ್ದು ನಿಲ್ಲುತ್ತ, ಮತ್ತೆ ಕೂರುತ್ತ ಇದ್ದೆ. ನನಗೆ ಅವಸರವಿದೆ ಎಂದು ಯಲ್ಲಪ್ಪನವರಿಗೆ ಕಂಡಿತು. “ಆತ್ರಿ, ಆತ್ರಿ,” ಎನ್ನುತ್ತಿದ್ದರು. ಶೋಭಾ ಹೆಣಿಗೆ ಕೆಳಗಿಟ್ಟರು.

“ಮೇಡಂ, ಒಳಗ ಬರ್ರಿ ಒಂಚೂರ.”

ಒಳಗೆ ಹೋದ ಮೇಲೆ ದನಿ ತಗ್ಗಿಸಿದರು. “ಸಂಡಾಸಕ್ಕ ಹೋಗೂದೈತೇನ್ರಿ? ಹಿತ್ತಲದಾಗ ಐತಿ. ಬಕೀಟ ತುಂಬಿ ಇಟ್ಟೀನಿ. ಚಿಲಕಾ ಗಟ್ಟಿ ಐತಿ.”

ಚಿಲಕ ಗಟ್ಟಿ ಇದೆ. ಇಷ್ಟು ವರ್ಷ ಓದಿದ ಯಾವ ವಾಕ್ಯವೂ ನನಗೆ ಇಷ್ಟು ನಿಖರ ಎನಿಸಿರಲಿಲ್ಲ.

ಹೊರಗೆ ಬಂದಾಗ ಕೃತಜ್ಞತೆ ಹೇಳಲು ಬಾಯಿ ತೆರೆದೆ. ಅವರು ಬಿಡಲಿಲ್ಲ. “ಇದಕ್ಕ ಯಾಕ್ರಿ ಹೇಳೂದು? ಈ ದಾರಿ ಹಿಡದ ಹೋಗೂವಾಗ ಪ್ರತಿಸಲ ಬರ್ರಿ. ನಾವೂ ಸಂತಿಗಿ ಹೋದಾಗ ಇದ ಹಾಡು. ಇವ್ರಿಗೆಲ್ಲೆ ತಿಳೀತೈತಿ?” ಎಂದು ಹೊರಗೆ ಕುಳಿತ ಗಂಡನ ಕಡೆ ಗದ್ದ ಎತ್ತಿ ತೋರಿಸಿದರು.

ಅವತ್ತು ತಾಡಪತ್ರಿಯ ಹೋಲ್ಡರಿನಿಂದ ಬಾಟಲಿ ತೆಗೆದು, ಐಗಳಿಯ ದಾರಿಯಲ್ಲಿ, ಒಂದು ಲೀಟರ್ ನೀರನ್ನು ಪೂರ್ತಿ ಕುಡಿದೆ. ಎರಡು ತಿಂಗಳಲ್ಲಿ ಮೊದಲ ಸಲ.

ಅಲ್ಲಿಂದ ನನ್ನ ದಾರಿಯ ಲೆಕ್ಕವೇ ಬದಲಾಯಿತು. ಅಥಣಿ ಕಡೆಯ ಎರಡೂ ದಿನ ಮಧ್ಯಾಹ್ನ ಹನ್ನೆರಡಕ್ಕೆ ಶೋಭಾ ಅವರ ಮನೆ ಮುಟ್ಟುವಂತೆ ಡೇರಿಗಳ ಸರದಿ ತಿರುಗಿಸಿದೆ. ಧೈರ್ಯ ಬಂದು ಉಳಿದ ಕಡೆಯೂ ಕೇಳಿದೆ. ಶಿರಗುಪ್ಪಿಯಲ್ಲಿ ಡೇರಿಯ ಕಾರ್ಯದರ್ಶಿಯ ಹೆಂಡತಿ ಮನೆಯೊಳಗೆ ಕರೆದುಕೊಂಡು ಹೋದರು, ತಟ್ಟೆಯಲ್ಲಿ ನೀರಿನ ಲೋಟ ಇಟ್ಟು ಕೊಟ್ಟರು. ಚಿಂಚಲಿಯ ಹತ್ತಿರ ಒಂದು ಕಡೆ ಹೊಸ ಶೌಚಾಲಯ ಕಟ್ಟಿಸಿದ್ದರು, ಬಣ್ಣ ಹಚ್ಚಿ, ಬೀಗ ಹಾಕಿ. “ಕೀಲಿ ಸಾಹೇಬ್ರ ಕಡೆ ಐತ್ರಿ. ಸಾಹೇಬ್ರು ಬೆಳಗಾವಿಗಿ ಹೋಗ್ಯಾರ,” ಎಂದರು ಅಲ್ಲಿಯವರು. ನಿಪ್ಪಾಣಿಯಲ್ಲಿ ಬಸ್ ನಿಲ್ದಾಣ ಇದ್ದೇ ಇದೆ, ಮೂಗು ಮುಚ್ಚಿಕೊಂಡರೆ ಆಯಿತು. ಒಟ್ಟಾರೆ ಬೇವಿನ ಗಿಡಕ್ಕೆ ನೀರು ಸಿಗುವುದು ನಿಂತಿತು.

ಐದಾರು ವಾರ ಹೀಗೇ ನಡೆಯಿತು. ಹೋಗುವುದು, ಹಿತ್ತಲಿಗೆ ಹೋಗಿ ಬರುವುದು, ಎರಡು ಮಾತಾಡುವುದು, ಹೊರಡುವುದು. ಶೋಭಾ ಪ್ರತಿಸಲ ಕೇಳುತ್ತಿದ್ದರು.

“ಚಾ ಮಾಡ್ಲೇನ್ರಿ?”

“ಬ್ಯಾಡ್ರಿ. ಡಾಕ್ಟರ್ ಕಡಿಮಿ ಮಾಡಂದಾರ.”

“ನೀರರೆ ಕುಡೀರಿ.”

“ಐತ್ರಿ,” ಎಂದು ಹೋಲ್ಡರಿನ ಕಡೆ ತೋರಿಸುತ್ತಿದ್ದೆ.

ಫೆಬ್ರವರಿ ಮುಗಿಯುತ್ತ ಬಂದಿತ್ತು. ಆ ಶುಕ್ರವಾರ ನಾನು ಹಿತ್ತಲಿನಿಂದ ಬಂದು, ಗಾಡಿಯ ಬಳಿ ನಿಂತು ಬಾಟಲಿ ತೆಗೆದು ನಾಲ್ಕು ಗುಟುಕು ಕುಡಿದು ಮುಚ್ಚಳ ತಿರುಗಿಸುತ್ತಿದ್ದೆ. ಶೋಭಾ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು.

“ಮೇಡಂ, ಒಂದ್ ಮಾತ ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ.”

“ಕೇಳ್ರಿ.”

“ನಮ್ಮನಿಗಿ ಬರ್ತೀರಿ, ಎಲ್ಲಾ ಖಾಲಿ ಮಾಡಿ ಹೋಗ್ತೀರಿ. ಒಂದ್ ಗುಟಕ ತುಂಬ್ಕೊಂಡ ಮಾತ್ರ ಹೋಗಂಗಿಲ್ಲ. ಯಾಕ್ರಿ?”

ಹೇಳಿ ತಾವೇ ನಕ್ಕರು. ಪಟ್ಟಿಗೆ ಸುತ್ತಿಗೆ ಬಡಿಯುತ್ತಿದ್ದ ಯಲ್ಲಪ್ಪ ನಗಲಿಲ್ಲ. ಸುತ್ತಿಗೆಯೂ ನಿಂತಿತು.

ನನ್ನ ಹತ್ತಿರ ಕಾರಣಗಳು ಇದ್ದವು. ಒಂದೊಂದಾಗಿ ಹೇಳಿದೆ. ನಾವು ಕಾಸಿದ ನೀರನ್ನೇ ಕುಡಿಯುವವರು. ಅವ್ವ ಕಟ್ಟಿ ಕೊಡುತ್ತಾಳೆ. ಕಲ್ಲಿಗೆ ಬೋರಿನ ನೀರು ಆಗುವುದಿಲ್ಲವೇನೋ. ಎಷ್ಟು ಕುಡಿದೆ ಎಂದು ಅಳತೆ ಇಡಬೇಕು. ಪ್ರತಿಯೊಂದಕ್ಕೂ ಶೋಭಾ, “ಹೌದ್ರಿ, ಹೌದ್ರಿ,” ಎಂದು ತಲೆಯಾಡಿಸಿದರು. ಒಂದನ್ನೂ ಅಲ್ಲಗಳೆಯಲಿಲ್ಲ.

ಅಲ್ಲಗಳೆದದ್ದು ನನ್ನದೇ ನೆನಪು. ಹಿಂದಿನ ದಿನ ಶಿರಗುಪ್ಪಿಯಲ್ಲಿ ಕಾರ್ಯದರ್ಶಿಯ ಮನೆಯಲ್ಲಿ ತಟ್ಟೆಯಲ್ಲಿಟ್ಟು ಕೊಟ್ಟ ನೀರು ಕುಡಿದಿದ್ದೆನಲ್ಲ? ಅದಕ್ಕೂ ಹಿಂದಿನ ಗುರುವಾರ? ಅದು ಸೋಸಿದ್ದೋ, ಕಾಸಿದ್ದೋ, ಬೋರಿನದೋ, ಕೇಳಿದ್ದೆನೇ? ಅಳತೆ ಇಟ್ಟಿದ್ದೆನೇ? ಕೊಟ್ಟರು, ಕುಡಿದೆ, ಲೋಟ ಕೆಳಗಿಟ್ಟೆ. ಅಲ್ಲಿ ನಿಯಮ ನೆನಪಾಗಲಿಲ್ಲ. ಇಲ್ಲಿ, ಚಪ್ಪಲಿ ಹೊಲಿಯುವವರ ಮನೆಯಲ್ಲಿ, ಕೈ ತಾನಾಗಿ ಹೋಲ್ಡರಿನ ಕಡೆ ಹೋಗುತ್ತಿತ್ತು.

ಬೇಕೆಂದು ಮಾಡಿದ್ದಲ್ಲ. ಹಾಗೆಂದು ಆಣೆ ಮಾಡಿ ಹೇಳಬಲ್ಲೆ. ಆದರೆ ಬೇಕೆಂದು ಮಾಡಿದ್ದರೆ ಬಿಡುವುದು ಸುಲಭವಿತ್ತು. ಮಷೀನು ತಪ್ಪು ಅಳೆಯುವಾಗ ಅದಕ್ಕೂ ಗೊತ್ತಿರುವುದಿಲ್ಲ. ಪ್ರತಿಸಲ ಅಷ್ಟೇ ತಪ್ಪನ್ನು, ಅದೇ ಕಡೆಗೆ, ಶಾಂತವಾಗಿ ತೋರಿಸುತ್ತಿರುತ್ತದೆ. ಹೊರಗಿನವರೊಬ್ಬರು ಬಂದು ಪರೀಕ್ಷಿಸಬೇಕು.

“ಕೊಡ್ರಿ, ಕುಡಿತೀನಿ,” ಎಂದೆ.

ಶೋಭಾ ಒಂದು ಕ್ಷಣ ನನ್ನ ಮುಖ ನೋಡಿದರು. “ಕಾಸಿ ಕೊಡ್ಲೇನ್ರಿ? ಗ್ಯಾಸ್ ಐತಿ, ತಡಾ ಆಗಂಗಿಲ್ಲ.”

“ಬ್ಯಾಡ್ರಿ. ನೀವು ಕುಡಿಯೂದು ಕೊಡ್ರಿ.”

ಸ್ಟೀಲಿನ ಲೋಟದಲ್ಲಿ ತಂದರು. ತುಸು ಉಪ್ಪು. ತಣ್ಣಗಿತ್ತು. ಲೋಟ ಖಾಲಿ ಮಾಡಿದೆ. ಇನ್ನೊಂದು ತಂದರು, ಅದನ್ನೂ ಕುಡಿದೆ. ಕೃತಜ್ಞತೆಯೋ ಕ್ಷಮೆಯೋ ಹೇಳಲು ಹೊರಟಿದ್ದರೆ ಎಲ್ಲ ಕೆಡುತ್ತಿತ್ತು. ಯಲ್ಲಪ್ಪನವರ ಸುತ್ತಿಗೆ ಮತ್ತೆ ಶುರುವಾಯಿತು.

ಹೊರಡಲು ಹೆಲ್ಮೆಟ್ ಎತ್ತಿಕೊಂಡೆ. ಶೋಭಾ ಅದನ್ನು ಕೈಯಿಂದ ಕಸಿದುಕೊಂಡರು. “ಕುಂದ್ರಿ ಸುಮ್ನ. ಎರಡ ಗ್ಲಾಸ್ ಮ್ಯಾಲಿಂದ ಮ್ಯಾಲ ಕುಡದೀರಿ. ಐಗಳಿ ಮುಟ್ಟೂದ್ರಾಗ ತ್ರಾಸ ಆಕ್ಕೈತಿ. ಒಂದ್ ಹತ್ತ ಮಿನಿಟ ತಡದು, ಇನ್ನೊಮ್ಮಿ ಹೋಗಿ ಆಮ್ಯಾಲ ಗಾಡ್ಯಾಗ ಕುಂದ್ರಿ.”

ಕುಳಿತೆ. ಹತ್ತು ನಿಮಿಷಕ್ಕೆ ಮುಕ್ಕಾಲು ತಾಸಾಯಿತು. ಚಹಾ ಕೂಡ ಆಯಿತು.

ಕಳೆದ ವಾರ ಮತ್ತೆ ಸ್ಕ್ಯಾನ್ ಇತ್ತು. ಮೊದಲು ಹಾಳು ಮಾಡಿದ ದಿನಗಳಿಗಾಗಿ ನಾನೇ ಡಾಕ್ಟರರ ಮೂರು ತಿಂಗಳಿಗೆ ಇನ್ನೊಂದು ತಿಂಗಳು ಸೇರಿಸಿ, ಕಾರಣ ಹೇಳದೆ ಅವ್ವನನ್ನು ಕಾಡಿ ಒಪ್ಪಿಸಿದ್ದೆ. ಡಾಕ್ಟರು ಪರದೆಯ ಮೇಲೆ ಅತ್ತ ಇತ್ತ ಹುಡುಕಿದರು. “ಕಲ್ಲಿಲ್ರಿ. ಹೋಗೇತಿ,” ಎಂದರು.

ಅವ್ವ ಕೈ ಮುಗಿದಳು. ಅವಳ ಪ್ರಕಾರ ಇದು ಕಾಸಿದ ನೀರಿನ ಗುಣ. ಬಾಗಿಲ ಬಳಿ ಕುಳಿತ ನರ್ಸಿಗೂ ಅದನ್ನೇ ಹೇಳಿದಳು, ಮೆಟ್ಟಿಲ ಮೇಲೆ ಸಿಕ್ಕ ಅಪರಿಚಿತರಿಗೂ. ಗಾಡಿ ಉಳಿಯಿತು. ಅದೇ ಗಾಡಿಯ ಹಿಂದೆ ಅವ್ವನನ್ನು ಕೂರಿಸಿಕೊಂಡು ಮನೆಯ ಕಡೆ ಹೊರಟೆ.

ಗಾಡಿಯ ಮೇಲೆ ಮಾತಾಡುವುದರಲ್ಲಿ ಒಂದು ಅನುಕೂಲವಿದೆ. ಹಿಂದೆ ಕೂತವರ ಮುಖ ಕಾಣುವುದಿಲ್ಲ. ನನ್ನಂಥವರಿಗೆ ಅದು ದೊಡ್ಡ ಉಪಕಾರ. ರಸ್ತೆ ನೋಡಿಕೊಂಡು ಎಲ್ಲ ಹೇಳಿದೆ. ಮೊದಲೆರಡು ತಿಂಗಳು ನೀರು ಚೆಲ್ಲಿದ್ದು. ಯಾಕೆ ಚೆಲ್ಲಿದೆ ಎಂಬುದು. ಶೋಭಾ ಅವರ ಹಿತ್ತಲು, ಗಟ್ಟಿ ಚಿಲಕ. ಎರಡು ಲೋಟ ನೀರು. ಆಮೇಲೆ ಪ್ರತಿ ಬುಧವಾರ, ಶುಕ್ರವಾರ ಅಲ್ಲೇ ಕುಡಿದದ್ದು.

ಎರಡು ಹಂಪ್ಸ್ ದಾಟಿದೆವು. ಅವ್ವ ನನ್ನ ಹೆಗಲ ಮೇಲಿದ್ದ ಕೈ ತೆಗೆಯಲಿಲ್ಲ, ಅಷ್ಟು ಗೊತ್ತು.

“ದಿನಾ ಉರಿಬಿಸಲಾಗ ತಡಕೊಂಡು ಅಡ್ಡಾಡ್ತಿದ್ದೀ?” ಎಂದಳು ಆಮೇಲೆ. “ನನಗರೆ ಹೇಳಬಾರ್ದ?”

“ಹೇಳಿದ್ರ ಗಾಡಿ ಬಂದ್ ಅಂತಿದ್ದಿ.”

ಮನೆ ಹತ್ತಿರ ಬಂದಾಗ ಅವಳೇ ಅಂದಳು, “ಚಲೋ ಮಂದಿ. ನಾಳೆ ಶೇಂಗಾ ಹೋಳಿಗಿ ಮಾಡ್ತೀನಿ, ಒಯ್ದು ಕೊಟ್ಟ ಬಾ.”

ನನಗೆ ಅಷ್ಟೂ ನಿರೀಕ್ಷೆ ಇರಲಿಲ್ಲ. ಆ ಖುಷಿಯಲ್ಲಿ ಕೇಳಿಬಿಟ್ಟೆ. “ಅವರನ್ನ ಒಂದಿನ ಮನಿಗೇ ಊಟಕ್ಕ ಕರೀಲೇನವ್ವಾ?”

ಅವ್ವ ಇಳಿದಳು. ಸೀರೆಯ ನೆರಿಗೆ ಸರಿಮಾಡಿಕೊಂಡಳು. ಗೇಟಿನ ಅಗುಳಿ ತೆಗೆಯುತ್ತ, ನನ್ನ ಕಡೆ ನೋಡದೆ ಹೇಳಿದಳು:

“ನೀ ಹೋಗ್ತೀಯಲ್ಲ. ಅಷ್ಟ ಸಾಕು.”

ಹೌದು, ನಾನು ಹೋಗುತ್ತೇನೆ, ವಾರಕ್ಕೆ ಎರಡು ಸಲ. ನಮ್ಮ ಮನೆಯಿಂದ ಅವರ ಮನೆಗೆ ಎಷ್ಟು ಕಿಲೋಮೀಟರ್ ಎಂದು ನನ್ನ ಗಾಡಿಯ ಮೀಟರಿಗೆ ಬಾಯಿಪಾಠ ಬರುತ್ತದೆ. ಅವರ ಮನೆಯಿಂದ ನಮ್ಮ ಮನೆಗೆ ಎಷ್ಟು?